ಆರ್ಕಿಡ್ ಕುಂಡಕ್ಕೆ ಇದ್ದಿಲೋ, ತೆಂಗಿನ ಸಿಪ್ಪೆಯೋ? ಬೇರು ಕೊಳೆತರೆ ಏನು ಮಾಡಬೇಕು?

ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ನಾನು ಮತ್ತು ನಮ್ಮ ಅತ್ತಿಗೆ ಒಂದೇ ನರ್ಸರಿಯಿಂದ ಎರಡು ಡೆಂಡ್ರೋಬಿಯಂ ಅನ್ನುವ ಆರ್ಕಿಡ್ ಗಿಡ ತಂದೆವು. ಎರಡೂ ನೇರಳೆ-ಬಿಳಿ ಹೂವಿನ ಸೋನಿಯಾ ತಳಿ. ಎರಡಕ್ಕೂ ಒಂದೇ ಅಳತೆಯ ಮಣ್ಣಿನ ಕುಂಡ, ಒಳಗೆ ಒಂದೇ ಚೀಲದ ತೆಂಗಿನ ಸಿಪ್ಪೆ ತುಂಡು. ಒಂದು ಬೆಂಗಳೂರಿನ ನಮ್ಮ ಮೂರನೇ ಮಹಡಿಯ ಬಾಲ್ಕನಿಗೆ ಬಂತು. ಇನ್ನೊಂದು ಉಡುಪಿಯ ಅತ್ತಿಗೆ ಮನೆಯ ಅಂಗಳಕ್ಕೆ ಹೋಯಿತು. ಆಗಸ್ಟ್‌ನಲ್ಲಿ ಅತ್ತಿಗೆಯ ಫೋನು ಬಂತು. "ಬೇರೆಲ್ಲ ಕಪ್ಪಾಗಿದೆ ಮಾರಾಯ್ತಿ, ಎಳೆದ್ರೆ ಕೈಗೇ ಬರ್ತದೆ." ನನ್ನ ಗಿಡ ಆಗ ಎರಡು ಹೊಸ ಕೋಲು, ಅಂದರೆ ಕಾಂಡ, ಬಿಟ್ಟು ನಿಂತಿತ್ತು.

ಅತ್ತಿಗೆ ನೀರು ಜಾಸ್ತಿ ಹಾಕಿದರು ಅಂತ ಹೇಳೋ ಹಾಗಿರಲಿಲ್ಲ. ಜೂನ್‌ನಿಂದ ಅವರು ಒಂದು ಚೊಂಬು ನೀರನ್ನೂ ಹಾಕಿರಲಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಬರುವ ಊರಲ್ಲಿ ಹಾಕುವ ಅಗತ್ಯವೂ ಇಲ್ಲ. ಕುಂಡ ಮಾಡಿನ ಅಂಚಿನಲ್ಲಿತ್ತು. ಮಳೆಯ ಎರಚಲು ಬಡಿಯುತ್ತಿತ್ತು. ಸಿಪ್ಪೆ ಒಂದು ದಿನವೂ ಆರಲಿಲ್ಲ. ಅದೇ ಸಿಪ್ಪೆ ಬೆಂಗಳೂರಿನ ಗಾಳಿಗೆ ಎರಡೂವರೆ ದಿನದಲ್ಲಿ ಒಣಗುತ್ತಿತ್ತು.

"ಆರ್ಕಿಡ್‌ಗೆ ಯಾವ ಮಿಶ್ರಣ ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಅವರ ಊರು ಕೇಳೋದು ಇದಕ್ಕೇ. ಆಮೇಲೆ ಕೇಳೋದು, ಗಿಡ ಮಳೆಗೆ ಸಿಗುತ್ತದೋ ಇಲ್ಲವೋ ಅಂತ.

ಬೇರು ಕೇಳೋದು ಏನನ್ನು

ನಾವು ಮನೆಯಲ್ಲಿ ಬೆಳೆಸುವ ಡೆಂಡ್ರೋಬಿಯಂ, ಫಲೆನಾಪ್ಸಿಸ್, ವಾಂಡಾ, ಕ್ಯಾಟ್ಲಿಯಾ, ಆನ್ಸಿಡಿಯಂಗಳಲ್ಲಿ ಹೆಚ್ಚಿನವು ಮರದ ಮೇಲೆ ಬೆಳೆಯುವ ಜಾತಿಗಳು. ಇವನ್ನು ಬಂದಳಿಕೆ ಅಂದುಕೊಂಡವರಿದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಆರ್ಕಿಡ್ ಮರವನ್ನು ಹಿಡಿದು ಕೂತಿರುತ್ತದೆ, ಅಷ್ಟೇ.

ಶಿರಸಿಯ ನನ್ನ ತವರಿನ ಅಂಗಳದ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ. ಮಳೆಗಾಲ ಹತ್ತಿರ ಬರುವಾಗ ನರಿಯ ಬಾಲದಂಥ ಗುಲಾಬಿ-ಬಿಳಿ ಗೊಂಚಲು ಇಳಿಬೀಳುತ್ತದೆ. ಅಸ್ಸಾಮಿನವರು ಬಿಹು ಹಬ್ಬಕ್ಕೆ ಮುಡಿಯುವ ಕೊಪೌ ಹೂವೂ ಇದೇ. ಆ ಗಿಡದ ಬೇರು ತೊಗಟೆಯ ಮೇಲೆ ಹಗ್ಗದ ಹಾಗೆ ಹರಡಿದೆ. ಶಿರಸಿಯಲ್ಲೇನು ಮಳೆ ಕಡಿಮೆಯೇ? ನಾಲ್ಕು ತಿಂಗಳು ಆ ಬೇರು ನೆನೆಯುತ್ತದೆ. ಆದರೂ ಕೊಳೆಯಲ್ಲ. ನೀರು ಬೀಳುತ್ತದೆ, ಹರಿದು ಹೋಗುತ್ತದೆ. ಬೇರಿನ ಸುತ್ತ ಗಾಳಿ ಸದಾ ಆಡುತ್ತಿರುತ್ತದೆ.

ಉಡುಪಿಯ ಕುಂಡದಲ್ಲಿ ಇಲ್ಲದೆ ಹೋಗಿದ್ದು ಆ ಗಾಳಿ. ನೀರು ಜಾಸ್ತಿಯಾಗಿ ಬೇರು ಕೊಳೆಯಿತು ಅನ್ನೋದು ಅರ್ಧ ನಿಜ. ನೀರು ಗಾಳಿಯ ಜಾಗದಲ್ಲಿ ತುಂಬಿಕೊಂಡಾಗ ಬೇರು ಉಸಿರು ಕಟ್ಟಿ ಸಾಯುತ್ತದೆ. ಶಿಲೀಂಧ್ರ ಬಹಳ ಸಲ ಆಮೇಲೆ ಬರುತ್ತದೆ.

ಬೇರಿನ ಮೇಲಿನ ಸ್ಪಂಜಿನಂಥ ಹೊದಿಕೆಗೆ ವೆಲಮೆನ್ ಅಂತ ಹೆಸರು. ಒಣಗಿದಾಗ ಅದು ಬೆಳ್ಳಿಯ ಬಣ್ಣ. ನೀರು ತಾಗಿದ ಕೂಡಲೇ ಒಳಗಿನ ಹಸಿರು ಕಾಣುತ್ತದೆ. ಒಂದು ಸಲ ಬೇರಿನ ಮೇಲೆ ನೀರು ಚಿಮುಕಿಸಿ ನೋಡಿ, ಕಣ್ಣೆದುರೇ ಬಣ್ಣ ತಿರುಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕುಂಡವಿದ್ದರೆ ಇದೇ ನಿಮ್ಮ ಅಳತೆ. ಬೇರು ಹಸಿರಾಗಿದ್ದರೆ ಬಿಡಿ, ಬೆಳ್ಳಿಯಾಗಿದ್ದರೆ ನೀರು ಕೊಡಿ. ಮಣ್ಣಿನ ಕುಂಡವಾದರೆ ಎತ್ತಿ ತೂಕ ನೋಡಿ. ನೀರು ಹಾಕಿದ ದಿನ ಒಮ್ಮೆ, ಮರುದಿನ ಒಮ್ಮೆ, ಮೂರನೇ ದಿನ ಒಮ್ಮೆ. ವಾರದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ನನ್ನ ಲೆಕ್ಕ ಹೀಗಿದೆ. ಡೆಂಡ್ರೋಬಿಯಂ ಕುಂಡ ಎರಡು-ಮೂರು ದಿನಕ್ಕೆ ಆರಬೇಕು. ಫಲೆನಾಪ್ಸಿಸ್ ಆದರೆ ಐದಾರು ದಿನ ಹಿಡಿದರೂ ನಡೆಯುತ್ತದೆ. ವಾಂಡಾ ಬೇರು ಬೆಳಿಗ್ಗೆ ನೆನೆದರೆ ಮಧ್ಯಾಹ್ನಕ್ಕೆ ಆರಬೇಕು. ನಿಮ್ಮ ಮನೆಯಲ್ಲಿ ಈ ಲೆಕ್ಕಕ್ಕೆ ಯಾವ ವಸ್ತು ಹೊಂದುತ್ತದೋ ಅದೇ ನಿಮಗೆ ಸರಿಯಾದ ವಸ್ತು.

ಇದ್ದಿಲು ಮತ್ತು ತೆಂಗಿನ ಸಿಪ್ಪೆ: ನಿಜವಾದ ಪೈಪೋಟಿ ಇವೆರಡರದ್ದೇ

ನಮ್ಮ ಕಡೆ ಸುಲಭವಾಗಿ, ಕಡಿಮೆ ಬೆಲೆಗೆ ಸಿಗೋದು ಇವೆರಡು. ಗುಣದಲ್ಲಿ ಮಾತ್ರ ಒಂದಕ್ಕೊಂದು ಪೂರ್ತಿ ಉಲ್ಟಾ.

ಇದ್ದಿಲು ನೀರು ಹಿಡಿಯೋದು ಕಡಿಮೆ. ಬೇಗ ಆರುತ್ತದೆ. ಕೊಳೆಯೋದಿಲ್ಲ, ಹಾಗಾಗಿ ವರ್ಷಗಟ್ಟಲೆ ತುಂಡು ತುಂಡಾಗಿಯೇ ಇರುತ್ತದೆ, ನಡುವಿನ ಸಂದು ಮುಚ್ಚಲ್ಲ. ಸೌದೆಯ ಇದ್ದಿಲೇ ಆಗಬೇಕು. ನಾನು ತರೋದು ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರಿಂದ. ಬಾರ್ಬೆಕ್ಯೂಗೆ ಅಂತ ಮಾರುವ ಅಚ್ಚಿನ ಇದ್ದಿಲು ಬೇಡ, ಅದರಲ್ಲಿ ಅಂಟು ಬೆರೆಸಿರುತ್ತಾರೆ. ಹೆಬ್ಬೆರಳಿನ ಗಾತ್ರಕ್ಕೆ ಒಡೆದು, ಮಸಿ ಹೋಗುವವರೆಗೆ ತೊಳೆದು, ರಾತ್ರಿಯಿಡೀ ನೆನೆಸಿಟ್ಟು ಬಳಸಿ. ಪುಡಿಯನ್ನು ಕುಂಡಕ್ಕೆ ಹಾಕಬೇಡಿ, ಅದು ತಳದಲ್ಲಿ ಕೆಸರಾಗಿ ಕೂರುತ್ತದೆ.

ಇದ್ದಿಲಿನ ಒಂದು ದೋಷ ಅಂದರೆ ಉಪ್ಪು. ಗೊಬ್ಬರದ್ದು, ಬೋರ್‌ವೆಲ್ ನೀರಿನದ್ದು, ಎಲ್ಲ ಉಪ್ಪನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಗಡಸು ನೀರಿನ ಬಡಾವಣೆಗಳಲ್ಲಿ ವರ್ಷ ಒಂದೂವರೆ ವರ್ಷಕ್ಕೆ ತುಂಡುಗಳ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಬೇರಿನ ತುದಿ ಕಂದಾಗುತ್ತದೆ. ಇದನ್ನು ಕೊಳೆತ ಅಂತ ತಪ್ಪು ತಿಳಿಯುವವರು ಬಹಳ. ತಿಂಗಳಿಗೊಮ್ಮೆ ಗೊಬ್ಬರವಿಲ್ಲದ ನೀರನ್ನು ಧಾರಾಳವಾಗಿ ಸುರಿದು ತೊಳೆದರೆ ಸಾಕು. ಮಳೆ ನೀರಾದರೆ ಇನ್ನೂ ಒಳ್ಳೇದು.

ತೆಂಗಿನ ಸಿಪ್ಪೆ ನೀರು ಹಿಡಿಯುತ್ತದೆ, ಗೊಬ್ಬರ ಹಿಡಿಯುತ್ತದೆ. ಬೇರು ಅದರ ನಾರಿನೊಳಗೆ ಖುಷಿಯಾಗಿ ಹೊಕ್ಕುತ್ತದೆ. ಒಣ ಊರಿನವರಿಗೆ ಇದು ವರ. ತುಂಡು ಮಾಡಿದ ಸಿಪ್ಪೆ ಬೇಕು, ಒಂದೂವರೆ ಅಂಗುಲದಷ್ಟು. ಕೋಕೋಪೀಟ್ ಅನ್ನುವ ಪುಡಿ ಈ ಗಿಡಗಳಿಗೆ ಬೇಡವೇ ಬೇಡ. ಸಿಪ್ಪೆಯಲ್ಲೂ ಉಪ್ಪಿರುತ್ತದೆ, ಒಗರೂ ಇರುತ್ತದೆ. ನೆನೆಹಾಕಿದರೆ ಮೊದಲ ದಿನದ ನೀರು ಕಾಫಿ ಡಿಕಾಕ್ಷನ್ ಹಾಗೆ ಇಳಿಯುತ್ತದೆ. ದಿನಾ ನೀರು ಬದಲಿಸಿ. ಐದಾರು ದಿನಕ್ಕೆ ತಿಳಿ ಚಹಾದ ಬಣ್ಣಕ್ಕೆ ಬಂದಾಗ ಬಳಸಬಹುದು. ಈ ಕೆಲಸ ಬಿಟ್ಟು ನೇರ ಕುಂಡಕ್ಕೆ ಹಾಕಿದವರ ಗಿಡದಲ್ಲಿ ಹೊಸ ಬೇರಿನ ತುದಿ ಸುಟ್ಟಿದ್ದು ನೋಡಿದ್ದೇನೆ.

ಸಿಪ್ಪೆಗೆ ಆಯಸ್ಸು ಕಡಿಮೆ. ಬೆಂಗಳೂರಿನಲ್ಲಿ ಎರಡು ವರ್ಷ. ಕರಾವಳಿಯಲ್ಲಿ ಮಳೆಗೆ ಬಿಟ್ಟರೆ ಒಂದೇ ಮಳೆಗಾಲಕ್ಕೆ ಮೆತ್ತಗಾಗುತ್ತದೆ. ಹಾಗೆ ಮೆತ್ತಗಾದ ಸಿಪ್ಪೆಗೆ ಬಸವನಹುಳು, ಸಹಸ್ರಪದಿ ಬಂದು ಸೇರುತ್ತವೆ. ಕುಂಡ ತೆಗೆದು ಸಿಪ್ಪೆಯನ್ನು ಎರಡು ಬೆರಳಲ್ಲಿ ಹಿಂಡಿ ನೋಡಿ. ಮುದ್ದೆಯಾದರೆ ಅದರ ಕಾಲ ಮುಗಿದಿದೆ.

ಎರಡನ್ನೂ ಬೆರೆಸಬಹುದಲ್ವಾ? ಖಂಡಿತ ಬೆರೆಸಬಹುದು. ನನ್ನ ಬಾಲ್ಕನಿಯಲ್ಲಿ ಡೆಂಡ್ರೋಬಿಯಂಗೆ ಅರ್ಧ ಇದ್ದಿಲು, ಅರ್ಧ ಸಿಪ್ಪೆ. ಆದರೆ ಸಿಪ್ಪೆ ಮೇಲಿನ ಭಾಗದಲ್ಲಿರಲಿ, ಇದ್ದಿಲು ತಳದಲ್ಲಿರಲಿ. ಕುಂಡದ ತಳ ಕೊನೆಗೆ ಆರುವ ಜಾಗ. ಅಲ್ಲಿ ನೀರು ಹಿಡಿಯುವ ವಸ್ತು ಇಟ್ಟರೆ ಕೊಳೆತ ಅಲ್ಲಿಂದಲೇ ಶುರು.

ಉಳಿದವು

ಇಟ್ಟಿಗೆ ಚೂರು ನೀರು ಹೀರುತ್ತದೆ, ನಿಧಾನಕ್ಕೆ ಬಿಡುತ್ತದೆ. ಭಾರ ಜಾಸ್ತಿ, ತೂಗುಕುಂಡಕ್ಕೆ ಆಗಲ್ಲ. ಎತ್ತರದ ಡೆಂಡ್ರೋಬಿಯಂ ಗಾಳಿಗೆ ಉರುಳದ ಹಾಗೆ ಹಿಡಿಯಲು ಮಾತ್ರ ಬಹಳ ಒಳ್ಳೇದು. ಕೆಡವಿದ ಮನೆಯ ಇಟ್ಟಿಗೆಯಾದರೆ ಸಿಮೆಂಟು, ಸುಣ್ಣ ಅಂಟಿರದ ತುಂಡನ್ನೇ ಆರಿಸಿ. ಸುಣ್ಣ ಬೇರಿಗೆ ಆಗಲ್ಲ.

ಹೆಂಚಿನ ಚೂರು ಇಟ್ಟಿಗೆಗಿಂತ ಗಟ್ಟಿ, ನೀರು ಹೀರೋದು ಕಡಿಮೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇಡೀ ಕರಾವಳಿಯೇ ಕೆಂಪು ಹೆಂಚು ಹೊದ್ದುಕೊಂಡಿತು. ಈಗ ಹಳೇ ಮನೆ ಬಿಚ್ಚಿದಲ್ಲೆಲ್ಲ ಅದರ ರಾಶಿ ಬಿದ್ದಿರುತ್ತದೆ. ಉಡುಪಿ, ಮಂಗಳೂರಿನವರು ದುಡ್ಡು ಕೊಟ್ಟು ಬೇರೆ ಏನೂ ತರಬೇಕಿಲ್ಲ. ಅತ್ತಿಗೆಯ ಕುಂಡಗಳಲ್ಲಿ ಈಗಿರೋದು ಹೆಂಚಿನ ಚೂರು ಮತ್ತು ಇದ್ದಿಲು ಮಾತ್ರ.

ಪೈನ್ ತೊಗಟೆ ಫಲೆನಾಪ್ಸಿಸ್‌ಗೆ ನನ್ನ ಮೊದಲ ಆಯ್ಕೆ. ನೀರು, ಗಾಳಿ ಎರಡನ್ನೂ ಹದವಾಗಿ ಹಿಡಿಯುತ್ತದೆ, ಎರಡು-ಮೂರು ವರ್ಷ ಬಾಳುತ್ತದೆ. ಹೊರಗಿನಿಂದ ಬರಬೇಕಾದ್ದರಿಂದ ದುಬಾರಿ. ಹೊಸ ತೊಗಟೆ ನೀರನ್ನು ತಳ್ಳುತ್ತದೆ. ಒಂದು ದಿನ ನೆನೆಸದೆ ಹಾಕಿದರೆ ನೀರು ಸುಮ್ನೆ ಜಾರಿ ಹೋಗುತ್ತದೆ, ಗಿಡ ಬಾಯಾರಿಕೊಂಡೇ ಇರುತ್ತದೆ.

ಸ್ಫ್ಯಾಗ್ನಮ್ ಮಾಸ್ ತನ್ನ ತೂಕದ ಹತ್ತಾರು ಪಟ್ಟು ನೀರು ಹಿಡಿಯುವ ಪಾಚಿ. ಮರಿ ಗಿಡಕ್ಕೆ, ಬೇರಿಲ್ಲದ ಗಿಡವನ್ನು ಬದುಕಿಸೋದಕ್ಕೆ ಇದರಂಥದ್ದು ಇನ್ನೊಂದಿಲ್ಲ. ದೊಡ್ಡ ಗಿಡದ ಬುಡಕ್ಕೆ ಒತ್ತಿ ತುಂಬಿದರೆ ಇದರಂಥ ಅಪಾಯವೂ ಇನ್ನೊಂದಿಲ್ಲ. ನನ್ನ ಮೊದಲ ಫಲೆನಾಪ್ಸಿಸ್ ಸತ್ತಿದ್ದು ಹೀಗೆ. ಮೇಲೆಲ್ಲ ತೊಗಟೆ ಕಾಣುತ್ತಿತ್ತು, ಒಣಗಿಯೂ ಇತ್ತು. ಬುಡದ ನಡುವೆ ಮುಷ್ಟಿಯಷ್ಟು ಮಾಸ್ ಉಂಡೆ ಇದ್ದಿದ್ದು ನನಗೆ ಗೊತ್ತೇ ಇರಲಿಲ್ಲ. ಮರಿಯಾಗಿದ್ದಾಗ ಸುತ್ತಿದ್ದನ್ನು ಹಾಗೇ ಬಿಟ್ಟು ಮಾರಿದ್ದರು. ಅಂಗಡಿಯಿಂದ ಫಲೆನಾಪ್ಸಿಸ್ ತಂದರೆ ಹೂ ಮುಗಿದ ಕೂಡಲೇ ಬುಡ ಬಿಡಿಸಿ ನೋಡಿ.

ಲೇಕಾ ಅನ್ನುವ ಸುಟ್ಟ ಜೇಡಿಯ ಗುಂಡುಗಳು ಕೊಳೆಯಲ್ಲ, ತೊಳೆದು ಮತ್ತೆ ಬಳಸಬಹುದು. ತಳದಲ್ಲಿ ನೀರು ನಿಲ್ಲಿಸಿ ಬೆಳೆಸುವ ಪದ್ಧತಿಗೆ ಹೊಂದುತ್ತವೆ. ಗಡಸು ನೀರಿದ್ದರೆ ಕೈ ಹಾಕಬೇಡಿ.

ವಾಂಡಾಗೆ ಯಾವುದೂ ಬೇಡ. ಬರಿ ಬುಟ್ಟಿ ಸಾಕು. ಕರಾವಳಿ, ಮಲೆನಾಡಿನಲ್ಲಿ ಇದು ಚಂದ ಬೆಳೆಯುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಚಿಮುಕಿಸುವ ಪುರುಸೊತ್ತು ಬೇಕು.

ಮಣ್ಣು? ಸ್ಪ್ಯಾಥೋಗ್ಲಾಟಿಸ್‌ನಂಥ ನೆಲದ ಆರ್ಕಿಡ್‌ಗೆ ಮಾತ್ರ.

ಊರು ನೋಡಿ ಹೇಳೋದಾದರೆ

ಕರಾವಳಿ, ಮಲೆನಾಡಿನಲ್ಲಿ ಗಿಡ ಮಳೆಗೆ ಸಿಗುವ ಜಾಗದಲ್ಲಿದ್ದರೆ ಇದ್ದಿಲು, ಹೆಂಚು, ಅಥವಾ ಮರದ ತುಂಡಿಗೆ ಕಟ್ಟೋದು. ಸಿಪ್ಪೆ, ಮಾಸ್ ಎರಡೂ ಬೇಡ. ಬೇಸಿಗೆಯಲ್ಲಿ ದಿನಾ ನೀರು ಹಾಕಬೇಕಾಗುತ್ತದೆ, ಹಾಕಿ. ಬೇಸಿಗೆಯ ಬಾಯಾರಿಕೆಯಿಂದ ಗಿಡ ಚೇತರಿಸಿಕೊಳ್ಳುತ್ತದೆ, ಮಳೆಗಾಲದ ಕೊಳೆತದಿಂದ ಚೇತರಿಸಿಕೊಳ್ಳೋದು ಕಷ್ಟ. ಮಾಡಿನ ಅಡಿಯಲ್ಲೇ ಇಡುವವರು ಕಾಲು ಭಾಗ ಸಿಪ್ಪೆ ಸೇರಿಸಬಹುದು.

ಬೆಂಗಳೂರು, ಮೈಸೂರು, ತುಮಕೂರಿನ ಬಾಲ್ಕನಿಗೆ ಇದ್ದಿಲು-ಸಿಪ್ಪೆ ಅರ್ಧರ್ಧ. ಮುಚ್ಚಿದ, ಗಾಳಿಯಾಡದ ಬಾಲ್ಕನಿಯಾದರೆ ಸಿಪ್ಪೆ ಕಡಿಮೆ ಮಾಡಿ. ಎಂಟನೇ ಮಹಡಿಯ ಗಾಳಿಯಾದರೆ ಜಾಸ್ತಿ ಮಾಡಿ.

ಕಲಬುರಗಿ, ರಾಯಚೂರು ಕಡೆ 40 ಡಿಗ್ರಿ ದಾಟುವ ಬೇಸಿಗೆಗೆ ಮುಕ್ಕಾಲು ಸಿಪ್ಪೆ, ಮೇಲೊಂದು ತೆಳು ಪದರ ಮಾಸ್. ಅಲ್ಲಿ ಮಣ್ಣಿನ ಕುಂಡಕ್ಕಿಂತ ಪ್ಲಾಸ್ಟಿಕ್ ಕುಂಡ ಮೇಲು, ತೇವ ನಿಲ್ಲುತ್ತದೆ.

ಎಲ್ಲರಿಗೂ ಒಂದು ಮಾತು. ಕುಂಡ ಚಿಕ್ಕದಿರಲಿ. ಬೇರು ಹಿಡಿಸುವಷ್ಟು, ಸುತ್ತ ಒಂದು ಬೆರಳು ಜಾಗ. ದೊಡ್ಡ ಕುಂಡದ ನಡುಭಾಗ ಆರೋದೇ ಇಲ್ಲ.

ಬೇರು ಕೊಳೆತಿದೆ ಅಂತ ತಿಳಿಯೋದು

ಇಲ್ಲೇ ಹೆಚ್ಚಿನ ಗಿಡಗಳು ಸಾಯೋದು. ಎಲೆ ಸುಕ್ಕಾಗುತ್ತದೆ, ಜೋಲುತ್ತದೆ. ನೋಡಿದವರು ಬಾಯಾರಿದೆ ಅಂದುಕೊಂಡು ಇನ್ನಷ್ಟು ನೀರು ಹಾಕುತ್ತಾರೆ. ಬಾಯಾರಿದ್ದು ನಿಜವೇ. ಆದರೆ ಕುಡಿಯೋಕೆ ಬೇರೇ ಉಳಿದಿಲ್ಲ. ಎಲೆ ಸುಕ್ಕಾಗಿ, ಕುಂಡ ಮಾತ್ರ ಭಾರವಾಗಿದ್ದರೆ ಒಂದು ಹನಿ ನೀರನ್ನೂ ಹಾಕದೆ ಗಿಡವನ್ನು ಹೊರಗೆ ತೆಗೆಯಿರಿ.

ಬೇರನ್ನು ನಲ್ಲಿ ನೀರಲ್ಲಿ ತೊಳೆದು ಒಂದೊಂದನ್ನೇ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವ ಇದೆ, ಬಣ್ಣ ಕಂದಾಗಿದ್ದರೂ ಪರವಾಗಿಲ್ಲ. ಸಿಪ್ಪೆಯ ಒಗರಿಗೆ ಒಳ್ಳೇ ಬೇರೂ ಕಂದಾಗುತ್ತದೆ. ಕೊಳೆತದ್ದು ಮೆತ್ತಗೆ ಹಿಸುಕಿ ಹೋಗುತ್ತದೆ. ಬೆರಳಲ್ಲಿ ಹಿಡಿದೆಳೆದರೆ ಹೊದಿಕೆ ಕಾಲುಚೀಲದ ಹಾಗೆ ಜಾರಿ ಬಂದು ಒಳಗಿನ ಎಳೆ ಮಾತ್ರ ನೂಲಿನ ಹಾಗೆ ಉಳಿಯುತ್ತದೆ. ಹಗುರಾಗಿ, ಕಾಗದದ ಹಾಗೆ ಚಪ್ಪಟೆಯಾದ ಬೇರು ಒಣಗಿ ಸತ್ತದ್ದು. ಅದು ಬೇರೆ ತೊಂದರೆ, ಅದಕ್ಕೆ ಮದ್ದು ಬೇಕಿಲ್ಲ.

ಮದ್ದಿಗಿಂತ ಮೊದಲು ಕತ್ತರಿ

ಕತ್ತರಿಯನ್ನು ಗ್ಯಾಸ್ ಒಲೆಯ ಉರಿಗೆ ಹಿಡಿದು ಕಾಯಿಸಿ, ಆರಿಸಿ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಮತ್ತೆ ಕಾಯಿಸಿ. ವೈರಸ್ ರೋಗಗಳು ಗಿಡದಿಂದ ಗಿಡಕ್ಕೆ ದಾಟೋದು ಹೆಚ್ಚಾಗಿ ಕತ್ತರಿಯಿಂದಲೇ. ಕೊಳೆತ ಬೇರನ್ನು ಒಳ್ಳೇ ಭಾಗ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಕನಿಕರ ಬೇಡ. ಆಮೇಲೆ ಗಿಡವನ್ನು ನೆರಳಲ್ಲಿ, ಗಾಳಿಯಲ್ಲಿ, ಒಂದು ದಿನ ಹಾಗೇ ನೇತುಹಾಕಿ. ಗಾಯ ಒಣಗಲಿ.

ಬೇರು ಮಾತ್ರ ಕೊಳೆತು ಬುಡ ಗಟ್ಟಿಯಾಗಿದ್ದರೆ ಇಷ್ಟು, ಜೊತೆಗೆ ಹೊಸ ವಸ್ತು, ಇದೇ ಚಿಕಿತ್ಸೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಗಿಡಕ್ಕೆ ಯಾವ ಔಷಧಿಯೂ ಬೇಕಾಗಿಲ್ಲ. ಹಳೇ ಸಿಪ್ಪೆಗೇ ವಾಪಸ್ ನೆಟ್ಟರೆ ಯಾವ ಔಷಧಿಯೂ ಉಳಿಸಿಲ್ಲ.

ಮನೆಮದ್ದಿನಲ್ಲಿ ಚಕ್ಕೆ ಪುಡಿ ಒಳ್ಳೇದು, ಕತ್ತರಿಸಿದ ತುದಿಗೆ ಮಾತ್ರ. ಅದು ಚೆನ್ನಾಗಿ ಒಣಗಿಸುತ್ತದೆ. ಒಳ್ಳೇ ಬೇರಿನ ಮೇಲೆ ಉದುರಿಸಿದರೆ ಅದನ್ನೂ ಒಣಗಿಸಿಬಿಡುತ್ತದೆ. ಅರಿಸಿನವನ್ನು ಕೋಲು ಕತ್ತರಿಸಿದ ಗಾಯಕ್ಕೆ ಹಚ್ಚುತ್ತೇನೆ, ತೊಂದರೆಯಾಗಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ನೊರೆ ಬರೋದು ನೋಡಿ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಅದು ಎಳೇ ಬೇರಿನ ತುದಿಯನ್ನೂ ಸುಡುತ್ತದೆ. ನಾನು ಬಿಟ್ಟಿದ್ದೇನೆ.

ಬುಡಕ್ಕೆ ಏರಿದ್ದರೆ

ಈಗ ಔಷಧಿ ಬೇಕು. ಯಾವ ಔಷಧಿ ಅನ್ನೋದು ರೋಗ ನೋಡಿ.

ಮಳೆಗಾಲದಲ್ಲಿ ಬುಡದಿಂದ ಎಲೆಯ ಕಡೆಗೆ ಕಪ್ಪು ವೇಗವಾಗಿ ಏರುತ್ತಿದ್ದರೆ ಅದು ಕಪ್ಪು ಕೊಳೆ. ಫೈಟಾಫ್ತೋರಾ ಅಥವಾ ಪೈಥಿಯಂ ಅನ್ನುವ ಜೀವಿಗಳ ಕೆಲಸ. ಅಡಿಕೆ ಬೆಳೆಗಾರರಿಗೆ ಇದು ಹೊಸದಲ್ಲ, ಅಡಿಕೆಯ ಕೊಳೆರೋಗಕ್ಕೂ ಫೈಟಾಫ್ತೋರಾ ಕುಲದ್ದೇ ಜೀವಿ ಕಾರಣ. ಇವು ನಿಜವಾದ ಶಿಲೀಂಧ್ರಗಳೇ ಅಲ್ಲ, ನೀರಿನ ಪಾಚಿಯ ಕಡೆಯ ನೆಂಟರು. ಹಾಗಾಗಿ ಎಲ್ಲರ ಮನೆಯಲ್ಲೂ ಇರುವ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ, ಅಂದರೆ ಬಾವಿಸ್ಟಿನ್, ಇವಕ್ಕೆ ತಾಗೋದೇ ಇಲ್ಲ. ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಇರುವ ರಿಡೋಮಿಲ್ ಗೋಲ್ಡ್, ಅಥವಾ ಫೋಸೆಟಿಲ್ ಇರುವ ಅಲಿಯೆಟ್ ಬೇಕು.

ತೋಟದ ಮನೆಯವರಿಗೆ ಒಂದು ಎಚ್ಚರಿಕೆ. ಅಡಿಕೆಗೆ ತಯಾರಿಸಿದ, ತಾಮ್ರದ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಉಳಿದಿದೆ ಅಂತ ಆರ್ಕಿಡ್‌ಗೂ ಹೊಡೆಯಬೇಡಿ. ರೋಗ ಒಂದೇ ಕುಲದ್ದಾದರೂ ಗಿಡ ಬೇರೆ. ಡೆಂಡ್ರೋಬಿಯಂಗೆ ತಾಮ್ರ ಆಗಿಬರಲ್ಲ, ಬೇರು, ಎಳೇ ಚಿಗುರು ಎರಡೂ ಸುಡುತ್ತವೆ.

ನಿಧಾನಕ್ಕೆ, ತಿಂಗಳುಗಟ್ಟಲೆ ಸೊರಗುವ ಗಿಡದ ಬುಡ ಕತ್ತರಿಸಿದಾಗ ಒಳಗೆ ನೇರಳೆ ಬಣ್ಣದ ಉಂಗುರ ಕಂಡರೆ ಅದು ಫ್ಯುಸೇರಿಯಂ ಅನ್ನುವ ಶಿಲೀಂಧ್ರ. ನೇರಳೆ ಪೂರ್ತಿ ಮುಗಿಯುವವರೆಗೆ ಕತ್ತರಿಸಿ. ಕಾರ್ಬೆಂಡಜಿಮ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾರ್ಬೆಂಡಜಿಮ್-ಮ್ಯಾಂಕೋಜೆಬ್ ಎರಡೂ ಇರುವ ಸಾಫ್ ಆದರೆ ಲೀಟರಿಗೆ 2 ಗ್ರಾಂ. ನೇರಳೆ ಎಲ್ಲಾ ಕೋಲಿಗೂ ಹರಡಿದ್ದರೆ ಗಿಡವನ್ನು ಸುಟ್ಟುಬಿಡಿ. ಪಕ್ಕದ ಗಿಡ ಉಳಿಯಲಿ.

ಎಲೆಯ ಬುಡ ನೀರು ತುಂಬಿದ ಹಾಗೆ ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾ. ಈ ಯಾವ ಶಿಲೀಂಧ್ರನಾಶಕವೂ ಅದಕ್ಕೆ ನಾಟಲ್ಲ. ಒಳ್ಳೇ ಭಾಗದೊಳಗೆ ಒಂದು ಅಂಗುಲ ಹೋಗಿ ಕತ್ತರಿಸಿ, ಒಣಗಿಸಿ, ಗಾಳಿಗಿಡಿ.

ಟ್ರೈಕೋಡರ್ಮಾ ಅನ್ನೋದು ರೋಗ ಬರುವ ಮುಂಚೆ ಕಾಯುವ ಕಾವಲುಗಾರ. ಕೊಳೆತ ಮೇಲೆ ಅದರಿಂದ ಪವಾಡ ನಿರೀಕ್ಷಿಸಬೇಡಿ. ಅದು ತಾನೇ ಒಂದು ಶಿಲೀಂಧ್ರ, ಹಾಗಾಗಿ ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ಸಾಯಬಹುದು. ಯಾವ ಔಷಧಿಯಾದರೂ ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಅಡುಗೆಮನೆಯ ಚಮಚ, ಬಕೆಟ್ ಬಳಸಬೇಡಿ. ಪೊಟ್ಟಣದ ಮೇಲಿನ ಅಳತೆ ಮೀರಬೇಡಿ.

ಮತ್ತೆ ಬೇರು ಬರಿಸೋದು

ನಾಲ್ಕೈದು ಬೇರು ಉಳಿದಿದ್ದರೆ ಚಿಕ್ಕ ಕುಂಡಕ್ಕೆ ಹೊಸ ವಸ್ತುವಿನಲ್ಲಿ ನೆಡಿ. ನಾಲ್ಕು ದಿನ ನೀರು ಬೇಡ, ಎಲೆಯ ಮೇಲೆ ಬೆಳಿಗ್ಗೆ ತುಂತುರು ಸಾಕು. ಗಿಡ ಅಲುಗಾಡದ ಹಾಗೆ ಕಡ್ಡಿಗೆ ಕಟ್ಟಿ. ಅಲುಗಿದರೆ ಹೊಸ ಬೇರಿನ ತುದಿ ಉಜ್ಜಿ ಹೋಗುತ್ತದೆ. ಗೊಬ್ಬರ ಹೊಸ ಬೇರು ಎರಡು ಅಂಗುಲ ಆದ ಮೇಲೆ.

ಫಲೆನಾಪ್ಸಿಸ್‌ಗೆ ಒಂದು ಬೇರೂ ಉಳಿಯದಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಮಾಸ್ ಇಡಿ. ಹಿಂಡಿದರೆ ಹನಿ ಬೀಳದಷ್ಟೇ ತೇವ ಇರಲಿ. ಗಿಡವನ್ನು ಅದರ ಮೇಲೆ ಕೂರಿಸಿ, ಬುಡ ಹೂಳಬೇಡಿ. ಬಾಯಿ ಸಡಿಲವಾಗಿ ಕಟ್ಟಿ ನೆರಳಲ್ಲಿಡಿ, ಬಿಸಿಲು ಬಿದ್ದರೆ ಒಳಗೆ ಬೇಯುತ್ತದೆ. ಎರಡು ದಿನಕ್ಕೊಮ್ಮೆ ತೆರೆದು ಗಾಳಿ ಕೊಡಿ. ಒಂದೂವರೆ ತಿಂಗಳಿಂದ ಮೂರು ತಿಂಗಳು ಹಿಡಿಯಬಹುದು. ಹಳೇ ಎಲೆ ಒಂದೆರಡು ಉದುರಿದರೆ ಗಾಬರಿಯಾಗಬೇಡಿ, ಗಿಡ ಅದರಲ್ಲಿದ್ದ ನೀರನ್ನು ಬಳಸಿಕೊಳ್ಳುತ್ತಿರುತ್ತದೆ.

ಡೆಂಡ್ರೋಬಿಯಂಗೆ ಇನ್ನೊಂದು ದಾರಿ ಇದೆ. ಅತ್ತಿಗೆಯ ಗಿಡದ ಬುಡವೇ ಹೋಗಿತ್ತು. ಮೇಲಿನ ಎರಡು ಕೋಲು ಮಾತ್ರ ಹಸಿರಾಗಿದ್ದವು, ಒಳಗೆ ನೇರಳೆ ಇರಲಿಲ್ಲ. ಕತ್ತರಿಸಿ, ಗಾಯಕ್ಕೆ ಅರಿಸಿನ ಹಚ್ಚಿ, ಒಂದು ಟ್ರೇಯಲ್ಲಿ ತೇವದ ಮಾಸ್ ಹಾಸಿ ಅದರ ಮೇಲೆ ಅಡ್ಡ ಮಲಗಿಸಿದರು. ನವೆಂಬರ್‌ನಲ್ಲಿ ಒಂದು ಕೋಲಿನ ಗೆಣ್ಣಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊಳಕೆ ಬಂತು. ಎರಡೆಲೆ, ಮೂರು ಬೇರು ಬಿಟ್ಟ ಮೇಲೆ ಮರಿಯನ್ನು ಬಿಡಿಸಿ ಹೆಂಚಿನ ಚೂರಿಗೆ ನೆಟ್ಟರು. ಎರಡು ಮಳೆಗಾಲ ಅದೇ ಅಂಗಳದಲ್ಲಿ, ಮಾಡಿನ ಅಂಚಿನಿಂದ ನಾಲ್ಕಡಿ ಒಳಗೆ ಕಳೆದಿದೆ. ಹೋದ ತಿಂಗಳು ಅತ್ತಿಗೆ ಫೋಟೋ ಕಳಿಸಿದರು. ನೇರಳೆ-ಬಿಳಿ, ಐದು ಹೂ.